ಹೆಚ್ಚು ಬರೆಸಿದ ಎರಡು ವರ್ಷ

ನನಗೆ ಆಗ ಐವತ್ತೇಳು. ಈ ಮಾತಿಗೆ ಎಂಟು ವರ್ಷವಾಯಿತು. ಫುಟ್‌ಬಾಲ್ ಮಾಸ್ತರರ ಎಡಗಾಲಿನ ಹೆಬ್ಬೆರಳಿಗೆ ಉಗುರೇ ಇರಲಿಲ್ಲ. ಆ ಜಾಗ ಒಣ ಉತ್ತತ್ತಿಯ ಹಾಗೆ ಸುಕ್ಕುಗಟ್ಟಿ ಕರ್ರಗಿತ್ತು. ಅಡಿಗೆಮನೆಯ ಹೊರಗೆ ಬೂಟು ಕಳಚಿ, ಕಾಲು ತೊಳೆದೇ ಒಳಗೆ ಬರುವ ಮನುಷ್ಯ. ನಾನು ಅವರ ಮುಖಕ್ಕಿಂತ ಮೊದಲು ಕಾಲು ನೋಡಿದೆ.

ಖಾನಾಪುರದ ಒಂದು ಶಾಲೆಯಲ್ಲಿ ನಾನು ಬಿಸಿಯೂಟ ಬೇಯಿಸುತ್ತಿದ್ದೆ. ಅವರು ಕೆಲಸದಿಂದ ನಿವೃತ್ತರಾಗಿ ಬೆಳಗಾವಿಯ ಸದಾಶಿವನಗರದಲ್ಲಿದ್ದರು. ವಾರಕ್ಕೆ ಮೂರು ದಿನ ಬಸ್ಸು ಹಿಡಿದು ಬಂದು ನಮ್ಮ ಹೆಣ್ಣುಮಕ್ಕಳಿಗೆ ಆಟ ಕಲಿಸುತ್ತಿದ್ದರು. ಯಾರೂ ಕರೆದಿರಲಿಲ್ಲ, ತಾವೇ ಬಂದರು. ಜೈನರು. ನೀರನ್ನು ಬಟ್ಟೆಯಲ್ಲಿ ಸೋಸಿಯೇ ಕುಡಿಯುವರು, ಹೊತ್ತು ಮುಳುಗುವ ಮುಂಚೆ ಡಬ್ಬಿ ಬಿಚ್ಚಿ ಉಣ್ಣುವರು.

"ಉಳ್ಳಾಗಡ್ಡಿ ಇಲ್ಲ, ಬಟಾಟಿ ಇಲ್ಲ. ರುಚಿ ಎಲ್ಲಿಂದ ಬರಬೇಕ್ರಿ ಮಾಸ್ತರ?" ಎಂದು ನಾನು ಚುಡಾಯಿಸುತ್ತಿದ್ದೆ.

"ಹಸಿವಿ ಅದ ಅಲ್ಲಬೇ ಅಜ್ಜಿ, ಅದನ್ನ ಕಲಸಿಕೊಂಡು ಉಣ್ಣತೀನಿ," ಅನ್ನುವರು. ಮಕ್ಕಳ ಹಾಗೆ ಅವರಿಗೂ ನಾನು ಅಜ್ಜಿ.

ಹುಡುಗಿಯರನ್ನು ಹೆಸರು ಹಿಡಿದು ಕರೆದವರಲ್ಲ. ಇಯತ್ತೆ ಹಿಡಿದು ಕರೆಯುವರು. "ಏ ಆರನೇ, ಓಡು! ಏ ಏಳನೇ, ನಿದ್ದಿ ಹತ್ತೇತೇನು?" ತಂಡ ಮಾಡುವುದೂ ಹಾಗೆಯೇ. ಆರನೆಯವರು ಒಂದು ಕಡೆ, ಏಳು-ಎಂಟನೆಯವರು ಇನ್ನೊಂದು ಕಡೆ. ಯಾಕೆ ಎಂದು ಒಮ್ಮೆ ಕೇಳಿದೆ. "ಒಂದ ಬೆಂಚಿನ ಮ್ಯಾಲ ಕೂತಾಕಿ ತನ್ನ ಗೆಳತಿಗೆ ಚೆಂಡು ಕೊಡತಾಳ. ಗುರುತಿಲ್ಲದಾಕಿಗೆ ಯಾರು ಕೊಡತಾರ್ರಿ?" ಎಂದರು.

ನನ್ನ ಮೊಮ್ಮಗಳು ಆರನೆಯಲ್ಲಿದ್ದಳು. ಗಿಡ್ಡಿ, ಆದರೆ ಕಾಲು ಚುರುಕು. ಅವಳು ಲೋಂಡಾದ ಆಚೆ ಕಾಡಿನ ವಸ್ತಿಯಲ್ಲಿ ಹುಟ್ಟಿದವಳು, ದವಾಖಾನೆಯ ಚೀಟಿ ಇಲ್ಲ. ತಾಯಿ ತೀರಿಕೊಂಡ ಮೇಲೆ ನಾನು ತಂದು ಸಾಕಿದೆ. ಐದು ವರ್ಷಕ್ಕೇ ಶಾಲೆಗೆ ಎಳೆದುಕೊಂಡು ಹೋದೆ, ಮನೆಯಲ್ಲಿ ನೋಡಿಕೊಳ್ಳುವವರು ಯಾರೂ ಇರಲಿಲ್ಲ. ಆಗಿನ ಹೆಡ್‌ಮಾಸ್ತರರು, "ಆರು ತುಂಬ್ಯಾವೇನು?" ಎಂದು ಕೇಳಿದರು. ಸಂತೆಯಲ್ಲಿ ಮಾರುವಾಗ ದರಕ್ಕೆ ಒಂದು ಹೆಚ್ಚಿಗೆ ಹೇಳಿಯೇ ರೂಢಿ ನನಗೆ. "ಏಳು ತುಂಬ್ಯಾವ್ರಿ" ಎಂದೆ. ಅವರು ತಲೆ ಎತ್ತದೆ ಹುಟ್ಟಿದ ತಾರೀಖು ಜೂನ್ ಒಂದು ಎಂದು ಬರೆದುಕೊಂಡರು. ಹೀಗೆ ಐದು ವರ್ಷದ ಕೂಸು ಕಾಗದದಲ್ಲಿ ಏಳರದಾಯಿತು.

ಆ ವರ್ಷ ಬೆಳಗಾವಿಯಲ್ಲಿ ಪಂದ್ಯ ನಡೆಸುವವರು ಹೊಸ ನಿಯಮ ಮಾಡಿದರು. ಇಯತ್ತೆ ಲೆಕ್ಕಕ್ಕಿಲ್ಲ, ಹುಟ್ಟಿದ ಇಸವಿಯಂತೆ ತಂಡ ಕಟ್ಟಬೇಕು. ಮಾಸ್ತರರು ಅಲ್ಲಿಗೆ ಹೋಗಿ ಜಗಳ ಮಾಡಿ ಬಂದರು, ಯಾರೂ ಕೇಳಲಿಲ್ಲ. ರಿಜಿಸ್ಟರ್ ತರಿಸಿ ಓದಿದರು. ಆರನೆಯವರೆಲ್ಲ ಸಣ್ಣ ತಂಡಕ್ಕೆ ಹೋದರು. ನನ್ನ ಮೊಮ್ಮಗಳೊಬ್ಬಳೇ ದೊಡ್ಡವರ ತಂಡಕ್ಕೆ ಬಿದ್ದಳು.

"ನಾನು ಆರನೇದಾಕಿ ಅಲ್ರಿ ಸರ?" ಎಂದು ಅತ್ತಳು.

ಎಂಟನೆಯ ಹುಡುಗಿಯೊಬ್ಬಳು, "ಬಾರವ್ವಾ, ನಿನ್ನ ಕಿಸೇದಾಗ ಇಟಗೊಂಡ ಆಡತೇವಿ," ಎಂದಳು. ಎಲ್ಲರೂ ನಕ್ಕರು. ಮಾಸ್ತರರು ನಗಲಿಲ್ಲ. ಅವಳ ಗಲ್ಲ ಹಿಡಿದು ಬಾಯಿ ತೆರೆಸಿ ನೋಡಿದರು. ನೇರ ಅಡಿಗೆಮನೆಗೆ ಬಂದರು.

"ಅಜ್ಜಿ, ಆಟದಾಗ ಎಲ್ಲಾರೂ ವಯಸ್ಸು ಕಡಿಮಿ ಬರಸತಾರ. ಇಲ್ಲಿ ಯಾರೋ ಹೆಚ್ಚು ಬರಸ್ಯಾರ. ಹನ್ನೆರಡು ಅಂತ ಕಾಗದ ಹೇಳತದ, ದವಡಿಯಾಗ ಇನ್ನೂ ಹಾಲುಹಲ್ಲು ಅವ. ಖರೇ ಹೇಳ್ರಿ."

ನನಗೆ ಹೆದರಿಕೆ. ಒಪ್ಪಿಕೊಂಡರೆ ಹುಡುಗಿಯನ್ನು ಕೆಳಗಿನ ಇಯತ್ತೆಗೆ ಹಾಕುತ್ತಾರೆ, ಸುಳ್ಳು ಬರೆಸಿದವಳೆಂದು ನನ್ನ ಕೈಯಿಂದ ಸೌಟು ಕಸಿಯುತ್ತಾರೆ. "ಬರದದ್ದ ಖರೇ ಐತ್ರಿ," ಎಂದೆ.

"ಐತವಾರದ ತನಕಾ ಟೈಮ್ ಅದ. ನೀವು ಬಂದು ಹೇಳಿದ್ರ ನಾ ಪಂದ್ಯದವರ ಕಾಲು ಹಿಡದಾದ್ರೂ ತಂಡ ಬದಲಸತೀನಿ," ಎಂದು ಬೂಟು ಹಾಕಿಕೊಂಡು ಹೋದರು.

ನಾನು ಹೇಳಲಿಲ್ಲ.

ಐತವಾರ ಪಂದ್ಯ ನೋಡಲು ಬೆಳಗಾವಿಗೆ ನಾನೂ ಹೋದೆ. ಮೈದಾನದ ಗೋಡೆಗೆ ಒರಗಿ ಕುಳಿತೆ. ಮಾಸ್ತರರು ಅರ್ಧ ಆಟದವರೆಗೆ ಮೊಮ್ಮಗಳನ್ನು ಇಳಿಸಲಿಲ್ಲ. ಆಮೇಲೆ ನಮ್ಮ ಇಬ್ಬರು ಹುಡುಗಿಯರು ಪೆಟ್ಟು ತಿಂದು ಕಾಲು ಹಿಡಿದು ಕುಳಿತರು. ಹೊರಗೆ ಉಳಿದವಳು ಇವಳೊಬ್ಬಳೇ. "ಸರ, ನಾ ಹೋಗ್ತೇನ್ರಿ, ಸರ" ಎಂದು ಅಂಗಿ ಜಗ್ಗುತ್ತಿದ್ದಳು. ಮಾಸ್ತರರು ತಿರುಗಿ ನನ್ನ ಕಡೆ ನೋಡಿದರು. ಎಷ್ಟೋ ಹೊತ್ತು ನೋಡಿದರು. ನಾನು ತಲೆಯ ಮೇಲಿನ ಸೆರಗು ಸರಿಮಾಡಿಕೊಂಡೆ.

ಅವಳು ಒಳಗೆ ಹೋದಳು. ಎರಡು ಸಲ ಚೆಂಡು ಬಿಡಿಸಿಕೊಂಡಳು. ಮೂರನೆಯ ಸಲ ಎದುರಿನ ತಂಡದ ದೊಡ್ಡ ಹುಡುಗಿ ಅವಳ ಮೇಲೆ ಬಿದ್ದಳು. ಮೊಮ್ಮಗಳ ಮೊಣಕಾಲು ಮುರಿದ ಸಪ್ಪಳ ಗೋಡೆಯ ತನಕ ಕೇಳಿತು.

ದವಾಖಾನೆಯಲ್ಲಿ ನಮ್ಮ ಶಾಲೆಯವರು ಮಾಸ್ತರರ ಮೇಲೆ ಏರಿಹೋದರು. "ಇಷ್ಟ ಸಣ್ಣ ಕೂಸಿನ್ನ ಅವರ ನಡುವ ಇಳಸಾಕ ನಿಮಗ ಕಣ್ಣಿರಲಿಲ್ಲೇನ್ರಿ?" ಹುಟ್ಟಿದ ತಾರೀಖಿನ ಕಾಗದ ಮಾಸ್ತರರ ಕಿಸೆಯಲ್ಲೇ ಇತ್ತು. ಅವರು ಅದನ್ನು ತೆಗೆಯಲಿಲ್ಲ. "ನಂದ ತಪ್ಪು" ಎಂದರು. ನಾನು ಎರಡು ಮಾರು ದೂರ ನಿಂತಿದ್ದೆ.

ಇನ್ನು ಬರಬೇಡಿ ಎಂದು ಶಾಲೆಯವರು ಹೇಳಿದರು. ಮೈದಾನದಲ್ಲಿ ಹುಲ್ಲು ಬೆಳೆಯಿತು. ಆಮೇಲೆ ಒಮ್ಮೆ ನಮ್ಮ ಮನೆಗೆ ಬಂದಿದ್ದರು. "ಏ ಆರನೇ, ಸಾಲಿ ಬಿಡಬ್ಯಾಡ" ಎಂದು ಅವಳ ತಲೆ ಮುಟ್ಟಿದರು. ನನ್ನನ್ನು ಏನೂ ಕೇಳಲಿಲ್ಲ. ಕೇಳಿದ್ದರೂ ಹೇಳುತ್ತಿರಲಿಲ್ಲ, ಅದರಲ್ಲಿ ಸುಳ್ಳೇಕೆ ಹೇಳಲಿ. ಅವಳು ಓದು ಬಿಡಲಿಲ್ಲ. ಮೆಟ್ಟಿಲು ಇಳಿಯುವಾಗ ಇವತ್ತಿಗೂ ಗೋಡೆ ಹಿಡಿಯುತ್ತಾಳೆ.

ಆ ಪಂದ್ಯವಾದ ಐದು ತಿಂಗಳಿಗೆ ಮಾಸ್ತರರು ಎದೆನೋವಿನಿಂದ ತೀರಿಕೊಂಡರು. ನನಗೆ ತಿಳಿಯುವಷ್ಟರಲ್ಲಿ ದಹನ ಮುಗಿದಿತ್ತು. ಕೇಳುತ್ತ ಕೇಳುತ್ತ ಸದಾಶಿವನಗರದ ಮನೆ ಹುಡುಕಿಕೊಂಡು ಹೋದೆ. ಅವರ ಹೆಂಡತಿ ಬಾಗಿಲು ತೆರೆದು, "ಖಾನಾಪುರದ ಅಡಿಗಿ ಅಜ್ಜಿ ಅಲ್ಲ ನೀವು? ಬರ್ರಿ, ಕುಂದರ್ರಿ. ಆ ಅಜ್ಜಿ ಒಂದಿನ ಬಂದು ಹೇಳತಾಳ ಅಂತ ಅನ್ನತಿದ್ರು. ಏನು ಹೇಳೂದಿತ್ರಿ?" ಎಂದು ಕೇಳಿದರು.

"ಕುಡಿಯಾಕ ನೀರು ಕೊಡ್ರಿ," ಎಂದೆ. ಕುಡಿದು ಬಸ್ಸು ಹತ್ತಿದೆ.

ಮರುದಿನ ಬೆಳಿಗ್ಗೆ ಒಲೆ ಹಚ್ಚುವ ಮೊದಲು ಶಾಲೆಯ ಮುಖ್ಯೋಪಾಧ್ಯಾಯಿನಿ ಹೆಡ್‌ಬಾಯಿಯವರ ಕೋಣೆಗೆ ಹೋದೆ. "ಮೊಮ್ಮಗಳ ವಯಸ್ಸು ನಾನ ಎರಡು ವರ್ಷ ಹೆಚ್ಚು ಬರಸೀನ್ರಿ. ಮಾಸ್ತರ್ರು ಕೇಳಿದ್ರು, ಸುಳ್ಳು ಹೇಳಿದೆ," ಎಂದೆ. ಈಗ ತಿದ್ದಲು ಬರುವುದಿಲ್ಲ, ಕೋರ್ಟಿಗೆ ಹೋಗಬೇಕಾಗುತ್ತದೆ ಎಂದರು ಅವರು. "ತಿದ್ದಬ್ಯಾಡ್ರಿ. ಅವರದು ತಪ್ಪಿಲ್ಲ ಅಂತ ಒಂದ ಕಾಗದ ಇರಲಿ," ಎಂದೆ. ಹಾಳೆ ಕೊಟ್ಟರು. ನಾನು ಓದಿದ್ದು ಎರಡನೆಯ ಇಯತ್ತೆ. ನಾಲ್ಕು ಸಾಲು ಬರೆಯುವಷ್ಟರಲ್ಲಿ ಎರಡು ಪಿರಿಯಡ್ಡಿನ ಗಂಟೆ ಬಾರಿಸಿದವು. ಆ ದಿನ ಮಕ್ಕಳಿಗೆ ಅನ್ನ ತಡವಾಯಿತು.