ಇನಾಸ್ ಪೊರ್ಬುಗಳ ಜಪಮಾಲೆ

“ಏಳಬೇಡಿ ಮಕ್ಕಳೇ, ಮುಗಿಯಲಿಲ್ಲ. ಒಂದು ನಮೋ ಮರಿಯ ಜಪ ಹಂಗೆರಿಗೆ, ಅಲ್ಲಿ ಟ್ಯಾಂಕು ನುಗ್ಗಿದೆ. ಒಂದು ಈಜಿಪ್ತಿಗೆ. ಅವರು ನಮ್ಮ ಇಗರ್ಜಿಯವರಲ್ಲದಿದ್ದರೆ ಎಂತ ಮಾರಾಯ್ರೇ, ಬಾಂಬು ಜಾತಿ ಕೇಳಿ ಬೀಳ್ತದಾ? ಮತ್ತೆ ಇಂಗ್ಲಿಷರಿಗೆ ಎರಡು, ಅವರಿಗೆ ಬುದ್ಧಿ ಬರ್ಲಿಕ್ಕೆ ಒಂದು ಸಾಕಾಗ್ಲಿಕ್ಕಿಲ್ಲ!” ಐವತ್ತಾರನೇ ಇಸವಿಯಲ್ಲಿ ಮಂಗಳೂರಿನ ಉರ್ವದ ನಮ್ಮ ನೆರೆಮನೆಯ ಇನಾಸ್ ಪೊರ್ಬುಗಳ ಸಂಜೆಯ ಜಪಮಾಲೆ ಹೀಗೆ ಉದ್ದವಾಗುತ್ತ ಹೋಗುತ್ತಿತ್ತು. ಹಂಪನಕಟ್ಟೆಯಲ್ಲಿ ಪೇಪರು ಓದಿ ಬಂದರೆಂದರೆ ಹೊಸದೊಂದು ದೇಶ ಸೇರಿತೆಂದೇ ಲೆಕ್ಕ. ಮೊಮ್ಮಕ್ಕಳು ಭೂಗೋಳ ಕಲಿತದ್ದು ಮೊಣಕಾಲೂರಿಯೇ. ನಾವು ಬೇಲಿಯಾಚೆ ಕೇಳಿ ನಗುತ್ತಿದ್ದೆವು. ಆದರೆ ಅವರ ಮಗ ವಿಲ್ಲಿ ಸೂಯೆಜ್ ಕಾಲುವೆ ಹಾದುಹೋಗುವ ಹಡಗಿನಲ್ಲಿ ಅಡುಗೆಯವನು. ತಿಂಗಳಿಂದ ಅವನ ಕಾಗದವಿಲ್ಲ. ಕಾಲುವೆಯಲ್ಲಿ ಹಡಗುಗಳು ಮುಳುಗಿವೆಯೆಂದು ಸುದ್ದಿ ಬಂದ ಸಂಜೆ ನಾನೂ ಅವರ ಮನೆಯಲ್ಲಿ ಕುಳಿತಿದ್ದೆ. ಪೊರ್ಬುಗಳ ಹೆಂಡತಿ ಡುಲ್ಸಿನ್‌ಬಾಯಿ ಮೆಲ್ಲಗೆ, “ನಮ್ಮ ವಿಲ್ಲಿಗೂ ಒಂದು ಹೇಳಿ” ಎಂದರು. “ಬಾಯಿ ಮುಚ್ಚು!” ಎಂದರು ಪೊರ್ಬುಗಳು. ಆ ಮನೆಯ ಪ್ರಾರ್ಥನೆಯಲ್ಲಿ ಹೆಸರು ಹಿಡಿದು ಬೇಡುವುದು ತೀರಿಹೋದವರಿಗೆ ಮಾತ್ರ. ಮುಂದಿನ ಮಣಿ ಹಿಡಿದು, “ಒಂದು ನಮೋ ಮರಿಯ... ಇಡೀ ಸಮುದ್ರಕ್ಕೆ” ಎಂದರು. ಡುಲ್ಸಿನ್‌ಬಾಯಿ ಆಮೆನ್ ಹೇಳಿ ಎದ್ದು, ಬಟ್ಟಲುಗಳನ್ನು ಸಾಲಾಗಿಟ್ಟು ಗಂಜಿ ಬಡಿಸತೊಡಗಿದರು.