ಮಿಕ್ಸರ್ ಬಾಗಿಲಿನ ಟವಲು

ಹೊನ್ನಾಳಿಯಿಂದ ಹೊರಟು, ದಾವಣಗೆರೆಯಲ್ಲಿ ಬಸ್ಸು ಬದಲಿಸಿ, ಜಗಳೂರಿನ ಹೊರಗಿನ ಒಂದು ಪಶು ಆಹಾರದ ಕಾರ್ಖಾನೆಗೆ ಹೋಗುತ್ತಿದ್ದೆ. ಮೆಕ್ಕೆಜೋಳದ ನುಚ್ಚು, ಹಿಂಡಿ, ಬೆಲ್ಲದ ಪಾಕದಂತೆ ಅಂಟುವ ಕಾಕಂಬಿ ಬೆರೆಸುವ ದೊಡ್ಡ ಮಿಕ್ಸರನ್ನು ಕಂಪ್ಯೂಟರೇ ನಡೆಸುವಂತೆ ಪ್ರೋಗ್ರಾಮು ಬರೆಯುವುದು ನನ್ನ ಕೆಲಸ. ನಮ್ಮ ಪದ್ಧತಿಯಲ್ಲಿ ಪ್ರತಿ ಯಂತ್ರವೂ ಒಂದು ಆಬ್ಜೆಕ್ಟ್. ಅದಕ್ಕೆ ತನ್ನದೇ ಸ್ಥಿತಿ, ತನ್ನದೇ ಕೆಲಸ. ಮಿಕ್ಸರ್‌ಗೆ ನಾನು ಕೊಟ್ಟಿದ್ದು ನಾಲ್ಕು ಸ್ಥಿತಿ: ಖಾಲಿ, ತುಂಬುತ್ತಿದೆ, ಬೆರೆಸುತ್ತಿದೆ, ಸುರಿಯುತ್ತಿದೆ. ಖಾಲಿಯಾದ ಎರಡು ನಿಮಿಷಕ್ಕೆ ಮುಂದಿನ ಬ್ಯಾಚು ತಾನೇ ಶುರು. ಎಷ್ಟು ಚೊಕ್ಕ ಅಂತ ಒಳಗೊಳಗೇ ಬೀಗಿದ್ದೆ, ಪುಣ್ಯಾತ್ಗಿತ್ತಿ!

ಬಾಗಿಲು ತೆರೆದರೆ ಯಂತ್ರ ನಿಲ್ಲಿಸುವ ಸ್ವಿಚ್ಚೇನೋ ಇತ್ತು. ಹಿಟ್ಟು ಮೆತ್ತಿಕೊಂಡು ಪದೇ ಪದೇ ಕೈಕೊಡುತ್ತದೆಂದು ಯಾರೋ ಅದಕ್ಕೆ ತಂತಿ ಬಿಗಿದು, ಬಾಗಿಲು ಸದಾ ಮುಚ್ಚಿದೆ ಎನ್ನುವಂತೆ ಮಾಡಿದ್ದರು. ನನಗೆ ಯಾರೂ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಪರೀಕ್ಷೆಯ ದಿನ ಎರಡು ಬ್ಯಾಚು ಸಲೀಸಾಗಿ ಮುಗಿದವು. ಪರದೆಯ ಮೇಲೆ ‘ಖಾಲಿ’ ಎಂದು ಬಂತು. ಗಾಜಿನಾಚೆ ನೋಡಿದರೆ ಮಿಕ್ಸರ್ ಬಾಗಿಲಿನ ಹಿಡಿಕೆಗೆ ಕೆಂಪು ಚೌಕಳಿ ಟವಲು ತೂಗುತ್ತಿದೆ. ಮೈಯೆಲ್ಲ ಉರಿದುಹೋಯಿತು. ಯಂತ್ರಕ್ಕೆ ಸಿಕ್ಕಿಕೊಂಡರೆ ಏನು ಗತಿ? ತೆಗೆದು ಬಿಸಾಡೋಣವೆಂದು ದಡದಡನೆ ಹೋದೆ.

"ಯಾರ್ರೀ ಇಲ್ಲಿ ಬಟ್ಟೆ ಒಣಹಾಕಿರೋದು?"

ಚೀಲ ಹೊಲಿಯುತ್ತಿದ್ದ ಹೆಂಗಸು ಚೀರಿದಳು. "ಅಯ್ಯೋ, ತೆಗೀಬ್ಯಾಡ್ರೀ ಮೇಡಮ್ಮಾರೆ! ಟವಲ್ ಐತೆ ಅಂದ್ರೆ ಒಳಗೆ ಆಳು ಅದಾರೆ ಅಂತ!"

ಮುಂದಿನ ಬ್ಯಾಚು ಶುರುವಾಗಲು ಎಷ್ಟು ಸೆಕೆಂಡು ಉಳಿದಿತ್ತೋ ಗೊತ್ತಿಲ್ಲ. ಯಂತ್ರ ನಿಲ್ಲಿಸುವ ಕೆಂಪು ಗುಂಡಿಯನ್ನು ಅಂಗೈಯಿಂದ ಗುದ್ದಿದೆ. ಒಳಗಿನಿಂದ, ಗೋಡೆಗೆ ಮೆತ್ತಿದ ಕಾಕಂಬಿ ಕೆರೆಯುವ ಸದ್ದು ಕೇಳುತ್ತಲೇ ಇತ್ತು.

ಮಿಕ್ಸರ್ ನೋಡಿಕೊಳ್ಳುವ ಹಿರಿಯರು ಮೊಣಕೈವರೆಗೆ ಅಂಟು ಮಾಡಿಕೊಂಡು ಈಚೆ ಬಂದರು. ಅಳು ತಡೆಯಲಾರದೆ ರೇಗಿಬಿಟ್ಟೆ. "ಒಂದು ಮಾತು ಹೇಳಿ ಇಳೀಬಾರದೇನ್ರೀ ಅಣ್ಣಾ?"

"ಟವಲ್ ಹಾಕಿದ್ನಲ್ರೀ. ಇಷ್ಟು ವರ್ಷ ಹಂಗೇ ಮಾಡಿರೋದು."

ವಾರದೊಳಗೆ ತಂತಿ ಬಿಚ್ಚಿಸಿ ಹೊಸ ಸ್ವಿಚ್ಚು ಹಾಕಿಸಿದೆ. ಇಳಿಯುವ ಮುಂಚೆ ಕರೆಂಟು ತೆಗೆದು ಮೇನ್ ಸ್ವಿಚ್ಚಿಗೆ ಬೀಗ ಹಾಕಬೇಕು, ಬೀಗದ ಕೈ ಇಳಿಯುವವರ ಜೇಬಿನಲ್ಲೇ ಇರಬೇಕು ಎಂದು ನಿಯಮವಾಯಿತು. ಪ್ರೋಗ್ರಾಮಿನಲ್ಲಿ ಐದನೇ ಸ್ಥಿತಿ ಸೇರಿಸಿದೆ: ‘ಒಳಗೆ ಜನ ಇದ್ದಾರೆ.’ ಅದನ್ನು ಆ ಹಿರಿಯರಿಗೇ ಮೊದಲು ತೋರಿಸಿದೆ.

ಅವರು ಪರದೆಯನ್ನು ನೋಡಿ ಕೇಳಿದರು. "ಅವತ್ತು ನಾನು ಒಳಗಿದ್ದಾಗ ಇದು ಏನಂತ ತೋರಿಸ್ತಿತ್ರೀ?"

"ಖಾಲಿ ಅಂತ," ಎಂದೆ.

ಅವರು ಕರೆಂಟು ತೆಗೆದು ಬೀಗ ಹಾಕಿ, ಬೀಗದ ಕೈಯನ್ನು ಜೇಬಿಗಿಟ್ಟುಕೊಂಡರು. ಆಮೇಲೆ ಹೆಗಲಿನ ಟವಲು ತೆಗೆದು, ಹಿಡಿಕೆಗೆ ಎರಡು ಗಂಟು ಹಾಕಿ ಕಟ್ಟಿ, ಒಳಗಿಳಿದರು.