ಹನುಮಮ್ಮನ ಹೊಲದ ಮದ್ದಿನುಂಡೆ

ಹರಿಯಬ್ಬೆ ಊರಿನ ಸಿದ್ದಕ್ಕನಿಗೆ ಬದುವಿನಾಚೆ ನೋಡಿದರೆ ಹೊಟ್ಟೆ ಉರಿಯುತ್ತಿತ್ತು. ಅಲ್ಲಿ ಹನುಮಮ್ಮನ ಮೆಕ್ಕೆಜೋಳ ಆಳೆತ್ತರ ನಿಂತು ತೆನೆ ಕಟ್ಟಿತ್ತು. ಈಚೆ ತನ್ನದು, ಕಾಡುಹಂದಿಗಳು ಹೊರಳಾಡಿ ಹೋದ ಮೇಲೆ, ಗಾಳಿಗೆ ಸಿಕ್ಕ ಚಪ್ಪರದ ಹಾಗೆ ಬಿದ್ದಿತ್ತು. ಒಂದೇ ಬೀಜ, ಒಂದೇ ಮಳೆ. ಹನುಮಮ್ಮನ ಗಂಡ ಓಬಳೇಶಪ್ಪ ಬದುವಿನುದ್ದಕ್ಕೂ ಮದ್ದಿನುಂಡೆ ಇಡುತ್ತಿದ್ದ. ಹಿಟ್ಟಿನೊಳಗೆ ಸಿಡಿಮದ್ದು, ಹಂದಿ ಕಚ್ಚಿದರೆ ಬಾಯಿಯೇ ಹಾರಿಹೋಗುತ್ತಿತ್ತು. ಸಿದ್ದಕ್ಕನ ಗಂಡ ಈರಬಸಪ್ಪ ಮಾತ್ರ ಅದನ್ನು ಹೊಲಕ್ಕೆ ಸೇರಿಸುತ್ತಿರಲಿಲ್ಲ.

ಅವನು ಸೈನ್ಯದಲ್ಲಿದ್ದವನು. ಗಡಿಯಲ್ಲಿ ತಮ್ಮವರೇ ಹೂತಿದ್ದ ನೆಲಬಾಂಬು ತೆಗೆಯುವಾಗ ಎಡಗಾಲು ಮೊಣಕಾಲಿನ ಕೆಳಗೆ ಹೋಗಿತ್ತು.

ಹನುಮಮ್ಮ ಹೊಸ ಬೆಂಡೋಲೆ ಹಾಕಿಕೊಂಡು ನೀರಿಗೆ ಬಂದ ದಿನ ಸಿದ್ದಕ್ಕನಿಗೆ ತಡೆಯಲಾಗಲಿಲ್ಲ. ಯಾರಿಂದಲೋ ಒಂದಿಷ್ಟು ಉಂಡೆ ತಂದು ಪುಟ್ಟಿಯಲ್ಲಿ ಮುಚ್ಚಿಟ್ಟಳು. ಈರಬಸಪ್ಪ ಕಂಡುಬಿಟ್ಟ.

"ಏನೇ ಇದು?"

"ನಿಮ್ಮ ಕೈಲಾಗದ್ದು. ಅವ್ಳು ತೆನೆ ಮುರೀತಾಳೆ, ನಾನು ದಂಟು ಬಳೀತೀನಿ. ಇಟ್ಟೋರೆಲ್ಲ ದಡ್ಡರಾ?"

"ಇದೂ ನೆಲಬಾಂಬಿನಂಥದ್ದೇ ಕಣೆ. ಭೂತಾನ್ ಅಂತ ಐತೆ. ನಮ್ಮ ಜಿಲ್ಲೆಯಂಥವು ನಾಲ್ಕೈದು ಕೂಡಿಸಿದಷ್ಟು ದೇಶ. ಆಕಡೆ ಚೀನಾ, ಈಕಡೆ ನಾವು. ಆದ್ರೂ ನೆಲಬಾಂಬು ಬ್ಯಾಡ ಅನ್ನೋ ಒಪ್ಪಂದಕ್ಕೆ ಸಹಿ ಹಾಕೈತೆ. ದೊಡ್ಡೋರು ಮೊದಲು ಹಾಕ್ಲಿ ಅಂತ ಕಾಯ್ಲಿಲ್ಲ."

"ಅವರ ಜೋಳ ಹಂದಿ ತಿಂದೈತಾ?"

"ಹೂತಿಟ್ಟಿದ್ದಕ್ಕೆ ಕಣ್ಣಿಲ್ಲ ಕಣೆ. ಹಂದಿ ಯಾವ್ದು, ಹಸ ಯಾವ್ದು, ಕೂಸು ಯಾವ್ದು, ಅದಕ್ಕೆ ತಿಳಿಯಲ್ಲ."

ಪುಟ್ಟಿ ಎತ್ತಿಕೊಂಡು, ಕುಂಟುತ್ತಲೇ ಹೋಗಿ, ಕೊಟ್ಟವರ ಮನೆಗೇ ಹಿಂದಿರುಗಿಸಿ ಬಂದ. ಆ ದಿನ ಸಿದ್ದಕ್ಕ ಮುದ್ದೆಯ ತಟ್ಟೆಯನ್ನು ಅವನ ಮುಂದೆ ಕುಕ್ಕಿದಳು.

ಕೊಯ್ಲು ಹತ್ತಿರವಿದ್ದಾಗ ಒಂದು ಬೆಳಿಗ್ಗೆ ಬದುವಿನ ಕಡೆ ಢಂ ಅಂತ ಸದ್ದಾಯಿತು. ಹಗ್ಗ ಕಿತ್ತುಕೊಂಡು ಹೋಗಿದ್ದ ಹನುಮಮ್ಮನ ಗಬ್ಬದ ಹಸು ಉಂಡೆ ಕಚ್ಚಿತ್ತು. 'ಆಗಲಿ, ಅವಳಿಗೆ ಆಗಬೇಕಾದ್ದೇ' ಎಂದು ಸಿದ್ದಕ್ಕನ ಮನಸ್ಸು ಮೊದಲು ಅಂದುಕೊಂಡದ್ದು ಸುಳ್ಳಲ್ಲ. ಓಡಿಹೋಗಿ ನೋಡಿದರೆ ಹಸು ನಿಂತೇ ಇತ್ತು. ಕೆಳದವಡೆ ಜೋತುಬಿದ್ದಿತ್ತು. ನೆಕ್ಕಲು ಹನುಮಮ್ಮನ ಕೈಯನ್ನು ಹುಡುಕುತ್ತಿತ್ತು. ಸಿದ್ದಕ್ಕ ಗಂಜಿ ತಂದು ಗಂಟಲಿಗೆ ಬಿಡಲು ನೋಡಿದಳು. ಎಲ್ಲ ಹೊರಗೇ ಸುರಿಯಿತು. ದನದ ಡಾಕ್ಟರು ಬರುವಷ್ಟರಲ್ಲಿ ಹಸು ಒರಗಿತ್ತು.

"ನೀನೇ ಪುಣ್ಯವಂತೆ ಸಿದ್ದಕ್ಕ," ಹನುಮಮ್ಮ ಬಿಕ್ಕಿದಳು. "ನಿನ್ನ ಗಂಡ ಇಂಥದ್ದು ಮುಟ್ಟಲಿಲ್ಲ."

ಸಿದ್ದಕ್ಕ ಗಂಜಿಯ ಪಾತ್ರೆ ಕೆಳಗಿಟ್ಟು ಅವಳ ಪಕ್ಕ ಕೂತಳು.

ಉಳಿದ ಉಂಡೆಗಳು ಎಲ್ಲೆಲ್ಲಿವೆ ಎಂಬುದು ಓಬಳೇಶಪ್ಪನಿಗೇ ಸರಿಯಾಗಿ ನೆನಪಿರಲಿಲ್ಲ. "ನೀವೆಲ್ಲ ಅಲ್ಲೇ ನಿಂತ್ಕಳ್ರಿ," ಎಂದು ಈರಬಸಪ್ಪ ಒಬ್ಬನೇ ಹೊಲಕ್ಕಿಳಿದ. ಕೋಲಿನಿಂದ ಸೋಗೆ ಸರಿಸುತ್ತಾ, ಕೃತಕ ಕಾಲನ್ನು ಮುಂದಿಟ್ಟು, ಒಂದೊಂದೇ ಹೆಜ್ಜೆ. ಮೊದಲ ಬಾರಿಗೆ ಸಿದ್ದಕ್ಕನ ಕಣ್ಣು ಹನುಮಮ್ಮನ ತೆನೆಗಳ ಮೇಲೆ ಇರಲಿಲ್ಲ. ಅವನು ಉಂಡೆಗಳನ್ನೆಲ್ಲ ಆಯ್ದುಕೊಂಡು ಬದು ಹತ್ತಿ ಬರುವತನಕ ಅವಳು ಸೆರಗು ಕಚ್ಚಿಕೊಂಡೇ ನಿಂತಿದ್ದಳು.

ಆಮೇಲೆ ಆ ಬಯಲಿನ ರೈತರು ಮದ್ದು ಇಡುವುದಿಲ್ಲ ಎಂದು ಮಾತು ಕೊಟ್ಟರು. ಒಬ್ಬಿಬ್ಬರು ಗೊಣಗಿದರು. ಮರುವರ್ಷ ಹಂದಿಗಳು ಇಬ್ಬರ ಹೊಲಕ್ಕೂ ನುಗ್ಗಿದವು. ಇಬ್ಬರು ಹೆಂಗಸರೂ ಜೊತೆಗೆ ತಗಡು ಬಡಿದು ಕಾದರು. ಆದರೂ ಹನುಮಮ್ಮನ ಹೊಲದಲ್ಲಿ ನಾಲ್ಕು ಸಾಲು ಹೆಚ್ಚು ಉಳಿದದ್ದು ಸಿದ್ದಕ್ಕನ ಕಣ್ಣಿಗೆ ಬೀಳದೆ ಇರಲಿಲ್ಲ.